ಪೂಲ್‌ನಲ್ಲಿ ಸ್ಕೂಬಾ ಕಲಿತು ಬಂದ ಮೇಲೆ ಮೈ ಸರಿಯಿಲ್ವಾ? ದಮ್ ಕಟ್ಟೋ ಅಭ್ಯಾಸ ಬಿಡಿ

ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿರೋ ರೀಲ್ಸ್ ಈಗ ಎಲ್ಲರ ಫೋನಲ್ಲೂ ಇವೆ. ಅದನ್ನ ನೋಡಿ ಸರ್ಟಿಫಿಕೇಟ್ ಕೋರ್ಸ್‌ಗೇ ಸೇರೋರು ನಮ್ಮ ಕಡೆಯೂ ಇದ್ದಾರೆ. ರಾಮನಗರ, ಚನ್ನಪಟ್ಟಣದವರು ರೈಲು ಹತ್ತಿ, ಕನಕಪುರ, ಮಾಗಡಿಯವರು ಬಸ್ ಹತ್ತಿ ವೀಕೆಂಡ್‌ನಲ್ಲಿ ಬೆಂಗಳೂರಿನ ಪೂಲ್‌ಗೆ ಹೋಗಿ ಕಲಿಯಬಹುದು. ಕೋರ್ಸ್ ಶುರುವಾಗೋದೇ ಪೂಲ್‌ನಲ್ಲಿ. ಉದಾಹರಣೆಗೆ ಪ್ಯಾಡಿ ಸಂಸ್ಥೆಯ ಓಪನ್ ವಾಟರ್ ಕೋರ್ಸ್‌ನಲ್ಲಿ ಸಮುದ್ರಕ್ಕೆ ಇಳಿಯೋ ಮುಂಚೆ ಪೂಲ್‌ನಂಥ ಸುರಕ್ಷಿತ ನೀರಲ್ಲಿ 5 ಅಭ್ಯಾಸ ಇರುತ್ತೆ.

ಕಿವಿನೋವು, ತಲೆನೋವು, ವಾಕರಿಕೆ, ತಲೆಸುತ್ತು. ಇವೆಲ್ಲ ಶುರುವಾಗೋದೂ ಅಲ್ಲೇ. "ಮೂರು ಮೀಟರ್ ನೀರು, ಸಮುದ್ರ ಅಲ್ವಲ್ಲ, ಏನಾಗುತ್ತೆ?" ಅನ್ಸುತ್ತೆ. ನಾನು ಬಿ.ಕಾಂ ಓದಿದೋನು, ಡಾಕ್ಟರ್ ಅಲ್ಲ. ಆದ್ರೆ ಇದರ ಹಿಂದಿರೋದು ಹೈಸ್ಕೂಲ್ ಲೆಕ್ಕ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಕಿವಿ

ಶಿರಾಡಿ ಘಾಟ್ ಇಳಿಯುವಾಗ ಕಿವಿ ಮುಚ್ಚಿಕೊಂಡ ಹಾಗಾಗುತ್ತಲ್ಲ, ಅದೇ ಕಥೆ ಇಲ್ಲಿ ಜೋರಾಗಿ ನಡೆಯುತ್ತೆ. ಮಾಗಡಿಯ ಸಾವನದುರ್ಗದ ತುದಿ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಡಲತೀರದವರೆಗೆ ಇಳಿದ್ರೆ ಗಾಳಿಯ ಒತ್ತಡ ಎಷ್ಟು ಏರುತ್ತೋ, ಪೂಲ್‌ನಲ್ಲಿ ಸುಮಾರು ಒಂದೂವರೆ ಮೀಟರ್ ಇಳಿದ್ರೆ ಅಷ್ಟೇ ಏರುತ್ತೆ. ಅದೂ ಕೆಲವೇ ಸೆಕೆಂಡಲ್ಲಿ. ಕಿವಿತಮಟೆಯ ಹಿಂದೆ ಇರೋ ಗಾಳಿ ಕುಗ್ಗುತ್ತೆ, ತಮಟೆ ಒಳಕ್ಕೆ ಬಗ್ಗುತ್ತೆ, ನೋವು ಬರುತ್ತೆ.

ಅದಕ್ಕೇ ಇಳಿಯೋಕೆ ಶುರು ಮಾಡಿದ ತಕ್ಷಣ, ನೋವು ಬರೋ ಮುಂಚೆಯೇ, ಮೂಗು ಹಿಡಿದು ಮೆಲ್ಲಗೆ ಊದಬೇಕು. ಅರ್ಧ ಮೀಟರ್‌ಗೊಮ್ಮೆ ಊದಿದ್ರೂ ತಪ್ಪಿಲ್ಲ. ಕಿವಿ ತೆರೆಯದಿದ್ರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ, ಜೋರಾಗಿ ಊದಬೇಡಿ. ಒಂದು ಕಿವಿ ತೆರೆದು ಇನ್ನೊಂದು ಮುಚ್ಚೇ ಇದ್ರೆ ತಲೆ ಗಿರ್ರಂತ ಸುತ್ತೋದೂ ಉಂಟು. ನೆಗಡಿ ಇದ್ದ ದಿನ ಕ್ಲಾಸ್ ಬಿಡಿ. ಮೂಗು ಕಟ್ಟಿದ್ರೆ ಕಿವಿಗೆ ಗಾಳಿ ಹೋಗೋ ದಾರಿಯೂ ಕಟ್ಟಿರುತ್ತೆ.

ಇನ್ನೊಂದು ಮಾತು. ಕಿವಿನೋವು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡ್ತಾರೆ. ಈ ನೋವಿಗೆ ಅದು ಬೇಡವೇ ಬೇಡ. ತಮಟೆ ತೂತಾಗಿದ್ರೆ ಎಣ್ಣೆ ನೇರ ಒಳಗಿವಿಯ ಕಡೆಗೆ ಇಳಿಯುತ್ತೆ. ನೋವು ಹೋಗದಿದ್ರೆ, ಕಿವಿ ಮಂದವಾಗಿದ್ರೆ, ರಕ್ತ ಅಥವಾ ನೀರು ಸೋರಿದ್ರೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಅವರು ಸರಿ ಅನ್ನೋವರೆಗೂ ನೀರಿಗೆ ಇಳಿಯಬೇಡಿ.

ತಲೆನೋವು, ವಾಕರಿಕೆ

ತಲೆನೋವಿಗೆ ಕಾರಣ ಹಲವು. ಮಾಸ್ಕ್ ಬೆಲ್ಟ್ ಬಿಗಿಯಾಗಿರಬಹುದು, ಸೈನಸ್ ಕಟ್ಟಿರಬಹುದು. ನೀರಲ್ಲಿದ್ದಾಗ ದೇಹ ಮೂತ್ರ ಜಾಸ್ತಿ ಮಾಡುತ್ತೆ, ಸಿಲಿಂಡರ್ ಗಾಳಿ ಒಣಗಿರುತ್ತೆ, ಹಾಗಾಗಿ ಮೈಯಲ್ಲಿ ನೀರು ಕಮ್ಮಿಯಾಗುತ್ತೆ. ತುಂಬಾ ಹೊತ್ತು ಚಳಿಯಲ್ಲಿದ್ರೆ ಸುಸ್ತು. ರೆಗ್ಯುಲೇಟರ್ ಕಚ್ಚಿ ಉಸಿರಾಡುವಾಗ ಗಾಳಿ ನುಂಗಿದ್ರೆ ಹೊಟ್ಟೆ ಉಬ್ಬಿ ವಾಕರಿಕೆ. ಕ್ಲೋರಿನ್ ಜೊತೆ ಬೆವರು, ಮೂತ್ರ ಸೇರಿ ಹುಟ್ಟೋ ಅನಿಲದಿಂದ ಕಣ್ಣುರಿ, ಕೆಮ್ಮು.

ಆದ್ರೆ ಹೊಸಬರು ಗಮನಿಸದೇ ಇರೋ ಕಾರಣ ಒಂದಿದೆ: ಉಸಿರು ಉಳಿಸೋಕೆ ಹೋಗೋದು. ಸಿಲಿಂಡರ್ ಗಾಳಿ ಬೇಗ ಮುಗಿಯದಿರಲಿ ಅಂತ ಒಂದೊಂದು ಉಸಿರಿನ ನಡುವೆ ತಡೆದು ತಡೆದು ಬಿಟ್ರೆ, ಇಲ್ಲಾ ಹೆದರಿ ಚಿಕ್ಕ ಚಿಕ್ಕ ಉಸಿರು ತಗೊಂಡ್ರೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತೆ. ಮೇಲೆ ಬಂದ ಮೇಲೆ ತಲೆ ಡಬಡಬ ಅಂತ ಬಡಿಯುತ್ತೆ. ಮಾತ್ರೆ ನುಂಗೋಕೆ ಮುಂಚೆ ಉಸಿರಾಟದ ರೀತಿ ನೋಡ್ಕೊಳ್ಳಿ. ಆಳವಾಗಿ, ನಿಧಾನವಾಗಿ, ನಿಲ್ಲಿಸದೆ.

ಬಾವಿ ಈಜಿನ ಅಭ್ಯಾಸ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನಮ್ಮೂರಲ್ಲಿ ಬಾವಿ, ಕೆರೆಯಲ್ಲಿ ಲಾರಿ ಟ್ಯೂಬ್ ಹಿಡಿದು ಈಜು ಕಲಿತೋರಿಗೆ ದಮ್ ಕಟ್ಟೋದೇ ದೊಡ್ಡ ವಿದ್ಯೆ. ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೋ ಅವರೇ ಹೀರೋ. ಸ್ಕೂಬಾದಲ್ಲಿ ಅದೇ ಅಭ್ಯಾಸ ಪ್ರಾಣ ತೆಗೆಯಬಹುದು.

ಯಾಕೆ ಅಂದ್ರೆ, ಬಾವಿಯಲ್ಲಿ ನೀವು ಉಸಿರು ತಗೊಳ್ಳೋದು ಮೇಲೆ. ಕೆಳಗೆ ಹೋದಾಗ ಆ ಗಾಳಿ ಕುಗ್ಗುತ್ತೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತೆ. ಲೆಕ್ಕ ಸರಿಹೋಯ್ತು. ಸ್ಕೂಬಾದಲ್ಲಿ ಉಸಿರು ತಗೊಳ್ಳೋದು ಕೆಳಗೆ, ಅಲ್ಲಿನ ಒತ್ತಡಕ್ಕೆ ಸರಿಯಾಗಿ ಒತ್ತಿದ ಗಾಳಿ. ಬಾಯ್ಲ್ ನಿಯಮದ ಪ್ರಕಾರ ಒತ್ತಡ ಇಳಿದ್ರೆ ಗಾಳಿ ಹಿಗ್ಗುತ್ತೆ. 3 ಮೀಟರ್ ಆಳದಲ್ಲಿ ಎದೆಯಲ್ಲಿ 6 ಲೀಟರ್ ಗಾಳಿ ತುಂಬಿ, ದಮ್ ಕಟ್ಟಿ ಮೇಲೆ ಬಂದ್ರೆ ಅದು ಸುಮಾರು 8 ಲೀಟರ್ ಆಗೋಕೆ ನೋಡುತ್ತೆ. ಜಾಗ ಎಲ್ಲಿದೆ? ಶ್ವಾಸಕೋಶ ಹರಿಯುತ್ತೆ, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೂ ಹೋಗಬಹುದು. ಇದಕ್ಕೆ ಸಮುದ್ರವೇ ಬೇಕಿಲ್ಲ. ಎದೆ ತುಂಬಾ ಗಾಳಿ ಇದ್ರೆ ಒಂದು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಆಳ ಸಾಕು. ಮಾಸ್ಕ್‌ಗೆ ನೀರು ನುಗ್ಗಿದಾಗ ಗಾಬರಿಯಾಗಿ, ದಮ್ ಕಟ್ಟಿ ಮೇಲಕ್ಕೆ ಚಿಮ್ಮೋದೇ ದೊಡ್ಡ ಅಪಾಯ.

ನೈಟ್ರೋಜನ್‌ನಿಂದ ಬರೋ 'ಬೆಂಡ್ಸ್' ಬಗ್ಗೆ ಕೇಳಿರ್ತೀರಿ. ಮೂರ್ನಾಲ್ಕು ಮೀಟರ್ ಪೂಲ್‌ನಲ್ಲಿ ಅದರ ಭಯ ಇಲ್ಲ ಅಂತಲೇ ಹೇಳಬಹುದು. ಇಲ್ಲಿ ಹೆದರಬೇಕಾದ್ದು ಕಟ್ಟಿದ ಉಸಿರಿಗೆ.

ಯಾವಾಗ ಕಾಯಬಾರದು?

ನೀರಿಂದ ಮೇಲೆ ಬಂದ ಕೂಡಲೇ ಅಥವಾ ಸ್ವಲ್ಪ ಹೊತ್ತಲ್ಲಿ ಎದೆನೋವು, ಉಸಿರು ಕಟ್ಟೋದು, ಕೆಮ್ಮಿದ್ರೆ ರಕ್ತ, ದನಿ ಬದಲಾಗೋದು, ಕುತ್ತಿಗೆ ಊದಿ ಮುಟ್ಟಿದ್ರೆ ಚರಚರ ಅನ್ನೋದು, ಕೈಕಾಲು ಜೋಮು ಹಿಡಿಯೋದು ಅಥವಾ ಸೋಲೋದು, ಮಾತು ತೊದಲೋದು, ಪ್ರಜ್ಞೆ ತಪ್ಪೋದು. ಇದರಲ್ಲಿ ಒಂದು ಕಂಡ್ರೂ ತಕ್ಷಣ ಇನ್‌ಸ್ಟ್ರಕ್ಟರ್‌ಗೆ ಹೇಳಿ, ಆಕ್ಸಿಜನ್ ಕೊಡಿಸಿ, ಮಲಗಿಸಿ, 108ಕ್ಕೆ ಕರೆ ಮಾಡಿ. "ಊರಿಗೆ ಹೋಗಿ ನೋಡೋಣ" ಅಂತ ರೈಲು ಹತ್ತಬೇಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಸಿಲಿಂಡರ್ ಗಾಳಿ ಉಸಿರಾಡಿ ನೀರೊಳಗಿದ್ದೆ" ಅಂತಿರಲಿ. ಡಾಕ್ಟರ್ ಯೋಚನೆ ಮಾಡೋ ದಿಕ್ಕೇ ಬದಲಾಗುತ್ತೆ. ಬರೀ ತಲೆಸುತ್ತು ಇದ್ರೂ ಬೈಕ್ ಓಡಿಸಬೇಡಿ.

ಸೇರೋವಾಗ ಕೊಡೋ ಮೆಡಿಕಲ್ ಫಾರಂನಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕೋರು ಜಾಸ್ತಿ. ಆಸ್ತಮಾ, ಕಿವಿ ಆಪರೇಷನ್, ಫಿಟ್ಸ್, ಹೃದಯದ ತೊಂದರೆ ಇದ್ರೆ ನಿಜ ಬರೀರಿ. ಕೋರ್ಸ್ ಫೀಸ್ ಹೋದ್ರೆ ಮತ್ತೆ ಸಂಪಾದಿಸಬಹುದು.

ನೇತ್ರಾಣಿಗೆ ಹೋಗೋ ಪ್ಲಾನ್ ಇರೋ ಫ್ರೆಂಡ್‌ಗೆ, ಅದರಲ್ಲೂ "ನಂಗೆ ಬಾವಿ ಈಜು ಚೆನ್ನಾಗಿ ಬರುತ್ತೆ" ಅನ್ನೋ ಫ್ರೆಂಡ್‌ಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.