ಬದುಕೋದು ಯಾತಕ್ಕೆ ಸ್ವಾಮಿ?
ರಾಮಾಚಾರಿಯಿಂದ ಧರ್ಮನವರೆಗೆ, ನಮ್ಮ ತೆರೆಯ ಹುಡುಗರು ಕೊಟ್ಟ ಉತ್ತರಗಳು

ಇಪ್ಪತ್ತು ತುಂಬಿದ ಹುಡುಗನನ್ನು ಹಿಡಿದು ನಿಲ್ಲಿಸಿ, "ನಿನ್ನ ಜೀವನದ ಗುರಿ ಏನಪ್ಪಾ?" ಅಂತ ಕೇಳಿ ನೋಡಿ. ಅಪ್ಪನ ಎದುರಿಗಾದರೆ "ಒಳ್ಳೇ ಕೆಲಸ" ಅಂತಾನೆ. ಗೆಳೆಯರ ಎದುರಿಗಾದರೆ ನಕ್ಕು ತಳ್ಳಿಹಾಕ್ತಾನೆ. ಆದರೆ ಸೆಕೆಂಡ್ ಷೋ ಬಿಟ್ಟ ಮೇಲೆ, ಕೊನೇ ಬಸ್ಸೂ ತಪ್ಪಿ, ಖಾಲಿ ರಸ್ತೆಯಲ್ಲಿ ಒಬ್ಬನೇ ಹೆಜ್ಜೆ ಹಾಕುವಾಗ ಅದೇ ಪ್ರಶ್ನೆ ಅವನ ಹೆಗಲ ಮೇಲೆ ಕೈ ಹಾಕಿ ಜೊತೆಗೆ ಬರುತ್ತದೆ. ನಾನು ಯಾರು? ಯಾರಿಗಾಗಿ ಬದುಕಬೇಕು? ಇದೆಲ್ಲ ಕೊನೆಗೆ ಯಾತಕ್ಕೆ?

ಮಠದಲ್ಲಿ, ಪಾಠದಲ್ಲಿ ಈ ಪ್ರಶ್ನೆಗೆ ಉತ್ತರ ಉಂಟು. ಆದರೆ ನಮ್ಮ ಹುಡುಗರು ಉತ್ತರ ಹುಡುಕಿಕೊಂಡು ಹೋಗಿದ್ದು ಹೆಚ್ಚಾಗಿ ಟಿಕೆಟ್ ಕೌಂಟರಿನ ಮುಂದೆ! ತಪ್ಪೇನಿಲ್ಲ ಬಿಡಿ. ಕನ್ನಡ ಚಿತ್ರರಂಗ ಕುಣಿತ, ಹೊಡೆದಾಟದ ನಡುನಡುವೆ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿಕೊಂಡಿದೆ. ಕೆಲವು ಉತ್ತರಗಳು ಕಣ್ಣೀರು ತರಿಸಿವೆ. ಕೆಲವು ಊರಿಗೆ ಊರನ್ನೇ ಅಲ್ಲಾಡಿಸಿವೆ.

ಒಂದೇ ವರ್ಷ, ಇಬ್ಬರು ನಾಯಕರು

1972ನೇ ಇಸವಿ. ಮಾರ್ಚ್ ಕೊನೆಯಲ್ಲಿ 'ಬಂಗಾರದ ಮನುಷ್ಯ' ತೆರೆಗೆ ಬಂತು, ಡಿಸೆಂಬರ್ ಕೊನೆಯಲ್ಲಿ 'ನಾಗರಹಾವು'. ಒಂದರ ನಾಯಕ ರಾಜೀವ, ಇನ್ನೊಂದರ ನಾಯಕ ರಾಮಾಚಾರಿ. ಒಂದೇ ವರ್ಷ ಕನ್ನಡದ ತರುಣರ ಎದುರು ನಿಂತ ಈ ಇಬ್ಬರೂ ಒಂದೇ ಪ್ರಶ್ನೆಗೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿಕೊಂಡು ಉತ್ತರ ಹೇಳಿದರು.

ರಾಮಾಚಾರಿ ಚಿತ್ರದುರ್ಗದ ಬಂಡೆಯ ಹಾಗೆ. ಒರಟು, ಬಿಸಿ, ಆದರೆ ಒಳಗೆಲ್ಲೋ ನೀರಿನ ಒರತೆ. ಊರಿಗೆಲ್ಲ ಪುಂಡನಾದವನು ಚಾಮಯ್ಯ ಮೇಷ್ಟರ ಎದುರಿಗೆ ಮಾತ್ರ ತಲೆ ಬಗ್ಗಿಸಿದ ಕೂಸು. ಆ ಮೇಷ್ಟರ ಮಾತಿಗೆ ಕಟ್ಟುಬಿದ್ದು, ಮನಸ್ಸು ಕೊಟ್ಟ ಅಲಮೇಲುವನ್ನು ಬಿಟ್ಟುಕೊಟ್ಟ. ಧರ್ಮ, ತ್ಯಾಗ ಎಂದು ಹಿರಿಯರು ಹೇಳಿದ್ದನ್ನು ನಂಬಿದ. ಮುಂದೊಂದು ದಿನ ಅದೇ ಅಲಮೇಲು ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಎದುರಾದಾಗ ಅವನ ನಂಬಿಕೆಯ ಬುಡವೇ ಕಿತ್ತು ಬಂತು. ಮಾರ್ಗರೆಟ್ಟಳ ವಿಷಯದಲ್ಲೂ ಮೇಷ್ಟರು ಅಡ್ಡ ಬಂದಾಗ ಅವನು ಕೇಳಿದ್ದು ಗುರುವನ್ನಲ್ಲ, ಇಡೀ ಹಿರಿಯ ತಲೆಮಾರನ್ನೇ. ನಿಮ್ಮ ಉತ್ತರದಲ್ಲಿ ನಾನು ಎಷ್ಟು ದಿನ ಬದುಕಲಿ?

ಎಂಥ ಪ್ರಶ್ನೆ ನೋಡಿ! ಆದರೆ ಪ್ರಶ್ನೆ ಎಷ್ಟು ದೊಡ್ಡದೋ ಅಂತ್ಯ ಅಷ್ಟೇ ಘೋರ. ಗುಡ್ಡದ ಮೇಲಿಂದ ಮೇಷ್ಟರು ಹೋದರು. ಅವರ ಹಿಂದೆಯೇ ರಾಮಾಚಾರಿ, ಮಾರ್ಗರೆಟ್ಟರೂ ಹೋದರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೊಸೆದು ಪುಟ್ಟಣ್ಣ ಕಣಗಾಲ್ ಮಾಡಿದ ಈ ಚಿತ್ರ ಕಾದಂಬರಿಕಾರರಿಗೆ ಅಷ್ಟಾಗಿ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಗೊಣಗಿದರು ಎಂಬುದು ಗಾಂಧಿನಗರದ ಹಳೆಯ ಮಾತು. ಪ್ರೇಕ್ಷಕ ಮಾತ್ರ ವಿಷ್ಣುವರ್ಧನ್ ಎಂಬ ಹೊಸ ಹುಡುಗನನ್ನು ಎದೆಗೆ ಅಪ್ಪಿಕೊಂಡ.

ಇತ್ತ ರಾಜೀವ. ಭಾವ ತೀರಿಕೊಂಡ ಮನೆಯಲ್ಲಿ ಅಕ್ಕ, ಅಕ್ಕನ ಮಕ್ಕಳು ಕಣ್ಣೀರಿಡುತ್ತಿದ್ದಾಗ ಆ ಮನೆಗೆ ಹೆಗಲು ಕೊಟ್ಟವನು. 'ನಾನು ಯಾರು' ಅಂತ ಕೇಳಿಕೊಂಡು ಕೂರಲು ಅವನಿಗೆ ಪುರುಸೊತ್ತೇ ಇಲ್ಲ! ಬಂಜರು ಭೂಮಿಯ ಬಂಡೆ ಒಡೆದ, ನೀರು ತೆಗೆದ, ಬಂಗಾರ ಬೆಳೆದ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜಕುಮಾರ್ ಅಭಿನಯ. ಚಿತ್ರ ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದ ಯುವಕರ ಸುದ್ದಿ ಆಗ ಮನೆಮಾತಾಗಿತ್ತು.

ಆದರೆ ರಾಜೀವನ ಕಥೆಯೂ ಸುಖಾಂತವಲ್ಲ ಎಂಬುದನ್ನು ಮರೆಯುವ ಹಾಗಿಲ್ಲ. ಹೆಂಡತಿಯನ್ನು ಕಳೆದುಕೊಂಡ. ತಾನೇ ಸಾಕಿ ಓದಿಸಿದ ಅಕ್ಕನ ಮಗನಿಂದ ಸಲ್ಲದ ಮಾತು ಕೇಳಿದ. ಉಣ್ಣುತ್ತಿದ್ದ ಅನ್ನವನ್ನು ಬಿಟ್ಟೆದ್ದು, ಯಾರ ಮೇಲೂ ಕೂಗಾಡದೆ ಹೊರಟುಹೋದ. ಸಾಯಲು ಅಲ್ಲ ಸ್ವಾಮಿ, ಸುಮ್ಮನೆ ಹೊರಟ! ಮಾಡಿದ ಕೆಲಸ ಅಲ್ಲೇ ಉಳಿಯಿತು, ಹೊಲದಲ್ಲಿ ಹಸಿರಾಗಿ.

ಇಬ್ಬರಿಗೂ ಪೆಟ್ಟು ಬಿದ್ದದ್ದು ತಮ್ಮವರಿಂದಲೇ. ಆದರೆ ರಾಮಾಚಾರಿಯ ಬದುಕು ಒಬ್ಬರ ಮಾತಿನ ಮೇಲೆ ನಿಂತಿತ್ತು. ಆ ಮಾತು ಮುರಿದಾಗ ಬದುಕೂ ಮುರಿಯಿತು. ರಾಜೀವನ ಬದುಕು ಅವನ ಕೈಗಳ ಮೇಲೆ ನಿಂತಿತ್ತು. ಮನೆ ಹೋದರೂ ಕೈ ಉಳಿಯಿತು. ವ್ಯತ್ಯಾಸ ಇಷ್ಟೇ, ಆದರೆ ಎಷ್ಟು ದೊಡ್ಡ ವ್ಯತ್ಯಾಸ!

ಹಾಗಂತ ರಾಮಾಚಾರಿಯ ಪ್ರಶ್ನೆ ಸುಳ್ಳಲ್ಲ. ಪ್ರಶ್ನೆ ನೂರಕ್ಕೆ ನೂರು ನಿಜ. ಗುಡ್ಡದ ತುದಿ ಮಾತ್ರ ಅದಕ್ಕೆ ಉತ್ತರವಲ್ಲ. ತೆರೆಯ ಮೇಲೆ ಬಿದ್ದ ನಾಯಕ ಮುಂದಿನ ಚಿತ್ರದಲ್ಲಿ ಎದ್ದು ಬರುತ್ತಾನೆ. ನಮ್ಮ ಬೀದಿಯ ಹುಡುಗ ಬರುವುದಿಲ್ಲ. ಅಂಥ ಕತ್ತಲು ಕವಿದವರು ಯಾರಾದರೂ ಈ ಪುಟ ಓದುತ್ತಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ.

ಕಾಲವನ್ನೇ ಓಡಿಸಿದವನು

ಇದು ಪಾತ್ರದ ಕಥೆಯಲ್ಲ, ಪಾತ್ರಧಾರಿಯದು. ಶಂಕರ್ ನಾಗ್! 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಬಂದ ಈ ಹುಡುಗ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನ ರಸ್ತೆ ಅಪಘಾತದಲ್ಲಿ ಹೋದಾಗ ವಯಸ್ಸು ಬರೀ 35. ನಡುವಿನ ಹನ್ನೆರಡು ವರ್ಷದಲ್ಲಿ ಮಾಡಿದ್ದೆಷ್ಟು! ಎಂಬತ್ತರ ಆಸುಪಾಸು ಚಿತ್ರಗಳಲ್ಲಿ ನಟನೆ. 'ಮಿಂಚಿನ ಓಟ', 'ಆಕ್ಸಿಡೆಂಟ್' ಥರದ ಚಿತ್ರಗಳ ನಿರ್ದೇಶನ. ನಾಟಕ. ಬೆಂಗಳೂರಿಗೆ ಧ್ವನಿಮುದ್ರಣ ಸ್ಟುಡಿಯೋ. ಆಗುಂಬೆಯನ್ನೇ ಮಾಲ್ಗುಡಿ ಮಾಡಿದ 'ಮಾಲ್ಗುಡಿ ಡೇಸ್'. ನಂದಿ ಬೆಟ್ಟಕ್ಕೆ ರೋಪ್‌ವೇ ಹಾಕಬೇಕು ಎಂಬ ಕನಸು ಬೇರೆ.

'ಬದುಕೋದು ಯಾತಕ್ಕೆ' ಅಂತ ಶಂಕರನನ್ನು ಕೇಳಿದ್ದರೆ ಬಹುಶಃ ಗಡಿಯಾರ ನೋಡಿಕೊಂಡು ನಡೀರಿ, ಕೆಲಸ ಇದೆ ಅಂತಿದ್ದರೇನೋ. ಇವತ್ತಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಅವರ ಮುಖ ಇದೆ. ಎಷ್ಟು ವರ್ಷ ಬದುಕಿದೆ ಅನ್ನುವುದು ಒಂದು ಲೆಕ್ಕ, ಆ ವರ್ಷಗಳಲ್ಲಿ ಎಷ್ಟು ಬದುಕಿದೆ ಅನ್ನುವುದು ಇನ್ನೊಂದು ಲೆಕ್ಕ.

ಬ್ಯಾಟರಿ ಹಿಡಿದ ಹುಡುಗನ ಕನಸು

2013ರಲ್ಲಿ ಬಂದ 'ಲೂಸಿಯಾ' ಪ್ರಶ್ನೆಯ ಧಾಟಿಯನ್ನೇ ಬದಲಾಯಿಸಿತು. ನಿರ್ಮಾಪಕರು ಸಿಗದಿದ್ದಾಗ ನಿರ್ದೇಶಕ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರ ಮುಂದೆ ಕೈ ಚಾಚಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ಆ ದುಡ್ಡಿನಲ್ಲಿ ಬಂದ ನಾಯಕ ಯಾರು ಗೊತ್ತೇ? ಚಿತ್ರಮಂದಿರದಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವ ನಿಕ್ಕಿ!

ನೀನಾಸಂ ಸತೀಶ್ ಮಾಡಿದ ಈ ನಿಕ್ಕಿಗೆ ನಿದ್ದೆ ಬಾರದು. ಮಾತ್ರೆ ನುಂಗಿದರೆ ನಿದ್ದೆಯ ಜೊತೆ ಕನಸೂ ಬರುತ್ತದೆ. ಕನಸಿನಲ್ಲಿ ಅವನೇ ದೊಡ್ಡ ಸ್ಟಾರ್. ಆಹಾ, ಯಾರಿಗೆ ಬೇಡ? ಸಂಬಳ ಸಾಲದ, ಹುಡುಗಿ ಒಪ್ಪದ ಪ್ರತಿ ಹುಡುಗನೂ ಕಾಣುವ ಕನಸು ಅದೇ ತಾನೇ? ಆದರೆ ಕೊನೆಯಲ್ಲಿ ಪವನ್ ಕುಮಾರ್ ಹಗ್ಗವನ್ನು ತಿರುಗಿಸಿ ಎಳೆದರು. ನಿಜಕ್ಕೂ ಇದ್ದವನು ಸ್ಟಾರ್. ಕನಸು ಕಂಡಿದ್ದು ಆ ಸ್ಟಾರ್! ಬ್ಯಾಟರಿ ಹಿಡಿದು, ಚಿಕ್ಕ ಕೋಣೆಯಲ್ಲಿ ಇದ್ದು, ಸಾದಾ ಹುಡುಗಿಯ ಕೈ ಹಿಡಿದು ನಡೆಯುವ ಬಡ ಬದುಕು ಅವನ ಕನಸಾಗಿತ್ತು.

ಚಿತ್ರರಂಗದ ಪತ್ರಿಕೆ ಓದುವ ನಮಗೆಲ್ಲ ಇದು ಕೊಂಚ ಚುಚ್ಚುವ ಮಾತೇ. ನಾವು ಅವರ ಬದುಕಿಗೆ ಆಸೆಪಡುತ್ತೇವೆ. ಅವರಿಗೋ, ಯಾರೂ ಗುರುತು ಹಿಡಿಯದೆ ಬೀದಿ ಬದಿಯಲ್ಲಿ ನಿಂತು ಟೀ ಕುಡಿಯುವ ಆಸೆ. ಹಾಗಾದರೆ ನಮ್ಮ ಕೈಯಲ್ಲಿ ಈಗಾಗಲೇ ಇರುವ ಯಾವುದನ್ನು ಯಾರು ಎಲ್ಲಿ ಕನಸಾಗಿ ಕಾಣುತ್ತಿದ್ದಾರೋ!

ಬೀದಿ ನಾಯಿ ಕಲಿಸಿದ ಪಾಠ

2022ರ '777 ಚಾರ್ಲಿ'ಯ ಧರ್ಮನಿಗೆ ಕನಸೂ ಇಲ್ಲ. ಚಿಕ್ಕಂದಿನಲ್ಲೇ ಮನೆಯವರನ್ನು ಅಪಘಾತದಲ್ಲಿ ಕಳೆದುಕೊಂಡವನು. ಕಾರ್ಖಾನೆ, ಇಡ್ಲಿ, ಬಿಯರು, ಟಿ.ವಿ.ಯಲ್ಲಿ ಚಾಪ್ಲಿನ್... ಮುಗೀತು ದಿನ. ಯಾರೂ ಬೇಡ ಅಂತ ಬಾಗಿಲು ಹಾಕಿಕೊಂಡವನ ಬಾಗಿಲಿಗೆ ಬಂದದ್ದು ಒಂದು ನಾಯಿ. ಅದಕ್ಕೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಹಿಮ ತೋರಿಸಲೆಂದು ದೇಶದ ಉದ್ದಕ್ಕೂ ಹೊರಟ. ಕಿರಣ್‌ರಾಜ್ ನಿರ್ದೇಶನದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರ ನೋಡಿ ಗಟ್ಟಿ ಎದೆಯ ಗಂಡಸರೂ ಕರ್ಚೀಫು ಹುಡುಕಿದರು. ಯಾಕೆ? 'ನಾನು ಯಾತಕ್ಕೆ ಬದುಕಬೇಕು' ಎಂಬ ಪ್ರಶ್ನೆಗೆ ತತ್ವಜ್ಞಾನಿ ಬೇಕಾಗಲಿಲ್ಲ. ಬೆಳಿಗ್ಗೆ ಎದ್ದು ಅನ್ನ ಹಾಕಬೇಕಾದ ಒಂದು ಜೀವ ಎದುರಿಗಿದ್ದರೆ ಸಾಕಾಯಿತು.

ಪುಸ್ತಕವೋ, ಕಂಬಳಿಯೋ?

ಇಷ್ಟೆಲ್ಲ ದೊಡ್ಡವರ ನಡುವೆ ಒಬ್ಬ ಪುಟ್ಟ ಹುಡುಗನನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. 1985ರ 'ಬೆಟ್ಟದ ಹೂವು' ಚಿತ್ರದ ರಾಮು. ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನ. ರಾಮುವಿಗೆ ಓದುವ ಹುಚ್ಚು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂಬ ಆಸೆ. ಕಾಡು ಬೆಟ್ಟ ಹತ್ತಿ, ಹೂವು ತಂದು ಮಾರಿ, ಕಾಸಿಗೆ ಕಾಸು ಕೂಡಿಟ್ಟ. ದುಡ್ಡು ಕೈಗೆ ಬಂದ ದಿನ ಮನೆಯಲ್ಲಿ ಚಳಿಗೆ ನಡುಗುವ ತಮ್ಮ ತಂಗಿಯರ ನೆನಪಾಯಿತು. ಪುಸ್ತಕ ಬಿಟ್ಟು ಕಂಬಳಿ ಕೊಂಡ.

ಆ ಹುಡುಗನಿಗೆ ರಾಷ್ಟ್ರಪ್ರಶಸ್ತಿ ಬಂತು. ಅವನೇ ಬೆಳೆದು ನಮ್ಮ ಪುನೀತ್ ರಾಜ್‌ಕುಮಾರ್ ಆದ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ, ನಾಡನ್ನೇ ಅಳಿಸಿ ಹೋದ. ತಂದೆ ರಾಜಕುಮಾರ್ 2006ರಲ್ಲಿ ತೀರಿಕೊಂಡಾಗ ಕಣ್ಣು ದಾನ ಮಾಡಿದಂತೆಯೇ ಮಗನ ಕಣ್ಣುಗಳೂ ದಾನವಾದವು. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಎರಡಾಗಿ ಬಿಡಿಸಿ, ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲಿನ ದಿನಗಳಲ್ಲಿ ನಾಡಿನ ಹುಡುಗ ಹುಡುಗಿಯರು ನೇತ್ರದಾನಕ್ಕೆ ಹೆಸರು ಬರೆಸಲು ಸಾಲುಗಟ್ಟಿದರು. ಇಪ್ಪತ್ತರ ವಯಸ್ಸಿನಲ್ಲಿ ಸಾವಿನ ಮಾತೆತ್ತಿದರೆ ಬಿಟ್ಟು ಅನ್ನುವ ಊರಿನಲ್ಲಿ, ತಾನು ಸತ್ತ ಮೇಲೆ ಏನಾಗಬೇಕು ಎಂದು ಕೂತು ಅರ್ಜಿ ತುಂಬುವುದು ಸಣ್ಣ ಮಾತೇ? ಯಾವ ವೇದಾಂತದ ಪುಸ್ತಕವೂ ಮಾಡಿಸದ ಕೆಲಸ ಅದು!

ಬದುಕಿನ ಅರ್ಥ ಯಾರಿಗೂ ಇಡಿಯಾಗಿ ಸಿಕ್ಕಿಲ್ಲ. ರಾಜೀವನಿಗೆ ಹೊಲದಲ್ಲಿ ಅಷ್ಟು, ಶಂಕರನಿಗೆ ಓಟದಲ್ಲಿ ಅಷ್ಟು, ಧರ್ಮನಿಗೆ ನಾಯಿಯ ಕಣ್ಣಲ್ಲಿ ಅಷ್ಟು ಸಿಕ್ಕಿತು. ರಾಮಾಚಾರಿಗೆ ಇನ್ನೊಂದಷ್ಟು ದಿನ ತಾಳಿದ್ದರೆ ಸಿಗುತ್ತಿತ್ತೇನೋ. ರಾಮು ಪ್ರಶ್ನೆಯನ್ನೇ ಕೇಳಲಿಲ್ಲ, ಯಾರಿಗೆ ಚಳಿಯಾಗುತ್ತಿದೆ ಅಂತ ಮಾತ್ರ ನೋಡಿದ.