ಸೈಟು ಅಗೆಯುವಾಗ ಶಾಸನದ ಕಲ್ಲು ಸಿಕ್ಕರೆ

ಬೆಂಗಳೂರಿನ ಅಂಚಿನ ಊರುಗಳಲ್ಲಿ ಜೆಸಿಬಿ ಸದ್ದಿಲ್ಲದ ದಿನವಿಲ್ಲ. ಪಾಯ ತೋಡುವಾಗಲೋ ಚರಂಡಿ ಅಗೆಯುವಾಗಲೋ ಒಮ್ಮೊಮ್ಮೆ ಅಕ್ಷರ ಕೊರೆದ ಚಪ್ಪಡಿ ಮೇಲೆ ಬರುತ್ತದೆ. ಅಂಥ ಕಲ್ಲು ನಿಮ್ಮ ಜಾಗದಲ್ಲೇ ಸಿಕ್ಕರೆ ಏನು ಮಾಡಬೇಕು?

ಮೊದಲು ಅದು ಎಂಥ ಕಲ್ಲೆಂದು ನೋಡಿ. ನಮ್ಮ ಸುತ್ತ ಹೆಚ್ಚಾಗಿ ಸಿಗುವುದು ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತವನ ನೆನಪಿಗೆ ನೆಟ್ಟ ಕಲ್ಲು. ಹಲವು ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬರಹ ಅಂಕಣಗಳ ನಡುವಿನ ಪಟ್ಟಿಯಲ್ಲಿರಬಹುದು. ಬರಹವೇ ಇಲ್ಲದ ವೀರಗಲ್ಲುಗಳೂ ಬೇಕಾದಷ್ಟಿವೆ. ಇನ್ನೊಂದು ಬಗೆ ದಾನಶಾಸನ. ಊರನ್ನೋ ಗದ್ದೆಯನ್ನೋ ಬಿಟ್ಟುಕೊಟ್ಟ ದಾಖಲೆ ಅದು. ನೆತ್ತಿಯಲ್ಲಿ ಸೂರ್ಯ ಚಂದ್ರರಿದ್ದರೆ ಆ ಕಡೆಗೆ ಯೋಚಿಸಿ. ಕಾಡುಮಲ್ಲೇಶ್ವರ ದೇವಾಲಯದ ಬಳಿಯ 1669ರ ಶಾಸನ ಈ ಜಾತಿಯದು. ಮರಾಠ ನಾಯಕ ಏಕೋಜಿಯು ಆ ಗುಡಿಯ ದೇವರಿಗೆ ಊರೊಂದನ್ನು ಬಿಟ್ಟದ್ದನ್ನು ಅದು ಹೇಳುತ್ತದೆ. ಅಕ್ಷರ ಕನ್ನಡದ್ದಲ್ಲ ಎನಿಸಿದರೆ ಗಾಬರಿ ಬೇಡ. ಚೋಳರು ಆಳಿದ ಸೀಮೆಯಿದು, ತಮಿಳು ಶಾಸನಗಳು ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲೂ ಇವೆ.

ಇಂಥದ್ದೊಂದು ಕಲ್ಲು ಎಷ್ಟು ಮುಖ್ಯವಾಗಬಲ್ಲದು ಎನ್ನುವುದಕ್ಕೆ ಹೆಬ್ಬಾಳ ನೋಡಿ. ಅಲ್ಲಿ 2018ರಲ್ಲಿ ಬೆಳಕಿಗೆ ಬಂದದ್ದು ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಒಂಬತ್ತನೆಯ ಶತಮಾನದ ಕೊನೆಗಾಲದ ಶಾಸನದಲ್ಲಿ 'ಬೆಂಗಳೂರ ಕಾಳಗ'ದ ಮಾತಿದೆ. ಕೆಂಪೇಗೌಡರಿಗಿಂತ ಆರೇಳು ನೂರು ವರ್ಷ ಮುಂಚೆಯೇ ಈ ಹೆಸರಿತ್ತೆಂದು ಗೊತ್ತಾದದ್ದು ಆ ಕಲ್ಲಿನಿಂದ.

ಕಲ್ಲು ಕಂಡ ಕೂಡಲೇ ಯಂತ್ರ ನಿಲ್ಲಿಸಿ. ಜೆಸಿಬಿಯ ಹಲ್ಲು ಒಂದು ಸಲ ಎಳೆದರೆ ನಾಲ್ಕು ಸಾಲು ಹೋಯಿತು. ಕಲ್ಲು ಮಲಗಿದ್ದ ಹಾಗೆಯೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಜಿಪಿಎಸ್ ಗುರುತು, ಅಂದರೆ ಜಾಗದ ನಿಖರ ನೆಲೆಯನ್ನು ಮೊಬೈಲ್ ಮ್ಯಾಪಿನಲ್ಲಿ ಉಳಿಸಿಕೊಳ್ಳಿ. ಅಕ್ಷರ ಮಸುಕಾಗಿದ್ದರೆ ಸಂಜೆಯ ಓರೆ ಬಿಸಿಲಿಗೆ ಕಾಯಿರಿ. ಇಲ್ಲವೇ ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಗೆರೆಗಳ ಒಳಗೆ ನೆರಳು ಬಿದ್ದು ಬರಹ ಏಳುತ್ತದೆ.

ತೊಳೆಯಬಹುದೇ? ಬರೀ ನೀರು, ಮೆತ್ತನೆಯ ಬ್ರಷ್. ಅಷ್ಟೇ. ಆಸಿಡ್, ತಂತಿ ಬ್ರಷ್, ಉಳಿ ಬೇಡ. ಅಕ್ಷರದೊಳಗೆ ಪೇಂಟ್ ತುಂಬಲೇಬೇಡಿ. ಅರಿಶಿನ ಕುಂಕುಮ ಹಚ್ಚುವವರನ್ನು ನಾನು ತಡೆಯುವವನಲ್ಲ. ಪೂಜೆ ಸಿಕ್ಕಿದ್ದಕ್ಕೇ ಎಷ್ಟೋ ಕಲ್ಲು ಉಳಿದಿವೆ. ಆದರೆ ಆಯಿಲ್ ಪೇಂಟ್ ಬಳಿದ ಮೇಲೆ ಓದುವವರ ಪಾಡು ಕಷ್ಟ.

ಓದುವುದು ಹೇಗೆ ಎಂಬುದು ಮುಂದಿನ ಮಾತು. ಹಳೆಯ ದಾರಿ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ತಟ್ಟುತ್ತಾರೆ. ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದಾಗ ಕಾಗದವೆಲ್ಲ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಹೊಸ ದಾರಿ 3ಡಿ ಸ್ಕ್ಯಾನಿಂಗ್, ಅಂದರೆ ಕಲ್ಲಿನ ಉಬ್ಬುತಗ್ಗುಗಳನ್ನು ಬೆಳಕಿನಿಂದ ಅಳೆಯುವುದು. ಯಂತ್ರ ಕಲ್ಲಿನ ಮೇಲೆ ಬೆಳಕು ಚೆಲ್ಲುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ, ಕಂಪ್ಯೂಟರಿನಲ್ಲಿ ಕಲ್ಲಿನ ತದ್ರೂಪು ಸಿದ್ಧವಾಗುತ್ತದೆ. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದತ್ತ ತಿರುಗಿಸಿ, ಕಣ್ಣಿಗೆ ಕಾಣದ ಗೆರೆಯನ್ನೂ ಓದಬಹುದು. ಕಲ್ಲು ನಾಳೆ ಒಡೆದರೂ ಪಾಠ ಉಳಿಯುತ್ತದೆ.

'ಸರ್ಕಾರ ನನ್ನ ಸೈಟು ಕಿತ್ತುಕೊಂಡರೆ?' ಎಷ್ಟೋ ಕಲ್ಲು ರಾತ್ರೋರಾತ್ರಿ ಮಾಯವಾಗುವುದು ಈ ಭಯಕ್ಕೇ. ನೂರು ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಆಚೆಗಿನ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು ಎಂಬ ನಿಯಮವನ್ನು ನೀವು ಕೇಳಿರಬಹುದು. ಅದು ಕೇಂದ್ರ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ, ಉದಾಹರಣೆಗೆ ಟಿಪ್ಪು ಅರಮನೆಗೆ. ಹಾಗೆ ಘೋಷಿಸುವ ಮುಂಚೆ ಗೆಜೆಟ್‌ನಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಕಲ್ಲು ಸಿಕ್ಕ ಮಾತ್ರಕ್ಕೆ ಈ ನಿಯಮ ಸೈಟಿಗೆ ತಗಲುವುದಿಲ್ಲ. ಆದರೆ ನೂರು ವರ್ಷ ದಾಟಿದ ಶಾಸನ 1972ರ ಕಾಯ್ದೆಯಂತೆ ಪುರಾವಸ್ತು. ಅದನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ವಿದೇಶಕ್ಕೆ ಕಳಿಸುವಂತಿಲ್ಲ.

ಖರ್ಚಿನ ವಿಚಾರ. ಸುದ್ದಿ ಮುಟ್ಟಿಸಲು ಶುಲ್ಕವಿಲ್ಲ. ದುಡ್ಡು ಬೀಳುವುದು ಕಲ್ಲನ್ನು ಎತ್ತಿ ನಿಲ್ಲಿಸುವ ಕ್ರೇನಿಗೆ, ಕೂಲಿಗೆ, ನೆರಳು ಕಟ್ಟಿಸಿದರೆ ಅದಕ್ಕೆ. ಊರವರು ಹಂಚಿಕೊಂಡರೆ ಹಗುರ. ನಿಲ್ಲಿಸುವಾಗ ಬುಡದ ಒರಟು ಭಾಗವಷ್ಟೇ ನೆಲಕ್ಕಿಳಿಯಲಿ, ಸುತ್ತ ಜಲ್ಲಿ ಮಣ್ಣು ತುಂಬಲಿ. ಸಿಮೆಂಟ್ ಸುರಿದರೆ ಕೆಳಗಿನ ಸಾಲುಗಳು ಮುಚ್ಚಿಹೋಗುತ್ತವೆ. ಆದಷ್ಟೂ ಸಿಕ್ಕ ಜಾಗದ ಹತ್ತಿರವೇ ಇರಲಿ. ಮ್ಯೂಸಿಯಂ ಎರಡನೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಊರಿನ ಹೆಸರು ಹೇಳುವ ಕಲ್ಲು ಆ ಊರಲ್ಲೇ ಇದ್ದರೆ ಅದನ್ನು ಕಾಯುವವರೂ ಇರುತ್ತಾರೆ.

ತಿಳಿಸುವುದು ಯಾರಿಗೆ? ನೆಲದೊಳಗೆ ಹುದುಗಿದ್ದು ಸಿಕ್ಕಿದ್ದಾದರೆ ಜಿಲ್ಲಾಧಿಕಾರಿಗೆ ಬರೆದು ಕೊಡಿ, ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗವೂ ಅಲ್ಲೇ. ಬೆಂಗಳೂರಿನವರಿಗೆ ಹತ್ತಿರದ್ದು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. 1909ರಲ್ಲಿ ಶುರುವಾದ ಸಂಸ್ಥೆ, ಬೆಂಗಳೂರು ಭಾಗದ ಶಾಸನಗಳ 3ಡಿ ಸ್ಕ್ಯಾನಿಂಗ್ ಕೈಗೊಂಡಿರುವುದು ಅದೇ.

ಹೋಗುವ ಮುಂಚೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ನೋಡಿ. 1905ರದು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು, ಊರಿನ ಹೆಸರಿನೊಂದಿಗೆ ಕೊಟ್ಟಿದೆ. ನಿಮ್ಮ ಕಲ್ಲು ಅದರಲ್ಲಿ ಆಗಲೇ ಇರಬಹುದು. ಹಾಗಿದ್ದರೆ ಶಾಸನದ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ. ಹುಡುಕುವ ಕೆಲಸ ಅರ್ಧ ಮುಗಿದಿರುತ್ತದೆ.