ಕಾಯುವ ಅಭಿಮಾನ

ಬಿಕ್ಕೋಡಿನ ಕಾಫಿ ತೋಟಗಳಲ್ಲಿ ಹೂಮಳೆಗಾಗಿ ಆಕಾಶ ನೋಡುವ ದಿನಗಳಲ್ಲೇ ಐಪಿಎಲ್ ಪಂದ್ಯಗಳೂ ಮೊದಲಾಗುತ್ತವೆ. ಒಂದು ವರ್ಷ ಮಳೆ ಕೈಕೊಟ್ಟಿತೆಂದು ಗಿಡ ಕೀಳದ ಸೀಮೆ ನಮ್ಮದು. ಸೋತ ತಂಡವನ್ನು ಬಿಡದ ಅಭಿಮಾನಿಯ ಮನಸ್ಸು ನಮಗೆ ಅಪರಿಚಿತವಲ್ಲ.

ಕ್ರಿಕೆಟ್ ಕೂಡ ಇಲ್ಲಿಗೆ ಹೊಸದಲ್ಲ. ವೇಗದ ಬೌಲರ್ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಶ್ರೀನಾಥರ ಹೆಸರಿನೊಡನೆ ಜಗತ್ತು ಸುತ್ತಿದ ಜಾವಗಲ್ ಅದೇ ತಾಲ್ಲೂಕಿನ ಊರು. 1996ರ ಡರ್ಬನ್ ಟೆಸ್ಟಿನಲ್ಲಿ ಇಬ್ಬರೂ ಒಟ್ಟಿಗೆ ಆಡಿದರು.

2008ರಲ್ಲಿ ಕಣಕ್ಕಿಳಿದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ 2009, 2011 ಮತ್ತು 2016ರ ಅಂತಿಮ ಪಂದ್ಯಗಳಲ್ಲಿ ಸೋತಿತು. ‘ಈ ಸಲ ಕಪ್ ನಮ್ದೇ’ ಎಂಬ ಮಾತು ವರ್ಷವರ್ಷವೂ ನಗೆಗೀಡಾಯಿತು. ಅಭಿಮಾನಿ ಮಾತ್ರ ಕದಲಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಮಣಿಸಿ, 18ನೆಯ ಋತುವಿನಲ್ಲಿ ತಂಡ ಕಪ್ ಗೆದ್ದಿತು.

ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಲುಕಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯರು. ಆ ಶೋಕ ನಮ್ಮ ತಾಲ್ಲೂಕಿಗೂ ತಟ್ಟಿತು. ಅಭಿಮಾನಿಗಳು ಹದಿನೆಂಟು ಋತು ಕಾದಿದ್ದರು. ಸಂಭ್ರಮ ಏರ್ಪಡಿಸಿದವರಿಗೆ ನಾಲ್ಕು ದಿನ ಕಾಯುವ ತಾಳ್ಮೆಯಿರಲಿಲ್ಲ.

ಮಕ್ಕಳ ಅಭಿಮಾನವನ್ನು ಹಿರಿಯರಾದ ನಾವು ಹಳಿಯಬೇಕಾಗಿಲ್ಲ. ಸೋಲಿನಲ್ಲೂ ಕೈಬಿಡದ ನಿಷ್ಠೆ ಪ್ರತಿ ಕುಟುಂಬಕ್ಕೂ ಬೇಕಾದ ಗುಣವೇ. ಅವರೊಡನೆ ಕುಳಿತು ಆಟ ನೋಡೋಣ. ಜನಜಂಗುಳಿಗೆ ಹೊರಟ ಮಗನನ್ನಾಗಲಿ ಮಗಳನ್ನಾಗಲಿ ಎರಡು ಮಾತು ಕೇಳೋಣ: ಜೊತೆಗೆ ಯಾರಿದ್ದಾರೆ? ಹೊರಬರುವ ದಾರಿ ಯಾವುದು? ಗೆದ್ದ ಕಪ್ಪಿಗಿಂತ, ಮನೆಗೆ ಮರಳಿದ ಮಗುವೇ ದೊಡ್ಡದು.